ಮೊದಲ ಹರಿವಿಯ ಹೆಸರು

ರಾಯಚೂರು
1 ಮಾರ್ಚ್ 2025

ಮಹಬೂಬೀ,

ಫೋನ್ ಮಾಡಬೇಡ. ನಿನ್ನ ನಂಬರನ್ನು ಬ್ಲಾಕ್ ಮಾಡಿದ್ದೇನೆ. ನಿನ್ನ ದನಿ ಕೇಳಿದರೆ ಬಾಯಿಗೆ ಬಂದದ್ದು ಅಂದುಬಿಡುತ್ತೇನೆ, ಆಮೇಲೆ ಅದು ಅಜ್ಜಿಯ ಕಿವಿಗೆ ಬೀಳುತ್ತದೆ. ಕಾಗದವಾದರೆ ಹರಿದು ಹಾಕಿ ಮತ್ತೆ ಬರೆಯಬಹುದು. ಇದು ಮೂರನೆಯ ಸಲ ಬರೆಯುತ್ತಿರುವುದು.

ಶಿವರಾತ್ರಿಯ ಮರುದಿನ ಅಜ್ಜಿ ನಮ್ಮಿಬ್ಬರನ್ನೂ ದೇವದುರ್ಗ ಬಸ್‌ಸ್ಟ್ಯಾಂಡಿನ ಹೊರಗಿನ ಬೇವಿನ ಮರದ ಕೆಳಗೆ ಕರೆಸಿದಳು. ನಾನು ರಜೆ ಹಾಕಿ ಮೊದಲ ಬಸ್ಸಿಗೆ ಬಂದಿದ್ದೆ. ನೀನು ಅರಕೇರಾದಿಂದ ಆಕೆಯನ್ನು ಟಂಟಂ ಆಟೋದಲ್ಲಿ ಕೂಡಿಸಿಕೊಂಡು ಬಂದಿದ್ದೆ. ಮೂವತ್ತೆಂಟು ಬೇಸಿಗೆ ದಾರಿಹೋಕರಿಗೆ ನೀರು ಹಾಕಿದ ಕೈ ಈಗ ನಡುಗುತ್ತದೆ, ಅರವಟ್ಟಿಗೆಯನ್ನು ಯಾರಿಗಾದರೂ ವಹಿಸಿಕೊಡಬೇಕು ಅನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅಜ್ಜಿ ತಾಮ್ರದ ತಂಬಿಗೆ ಎತ್ತಿದಳು, ನಾನು ಕೈ ಚಾಚಿದೆ. ಆಕೆ ಅದನ್ನು ನಿನ್ನ ಕೈಯಲ್ಲಿಟ್ಟು, ‘ಇನ್ನ ಮ್ಯಾಲ ಇಕಿ ಕುಂದರತಾಳ’ ಅಂದಳು. ಕಂಡಕ್ಟರ್ ಚಿಲ್ಲರೆ ಕೊಡುತ್ತಾನೆಂದು ಕಾದು ನಿಂತವಳ ಹಾಗೆ ನಾನು ಕೈ ಚಾಚಿಕೊಂಡೇ ನಿಂತಿದ್ದೆ. ಬಾಳೆಹಣ್ಣಿನ ಬಂಡಿಯವನೂ ನೋಡಿದ.

ಅಷ್ಟಕ್ಕೇ ಮುಗಿಯಲಿಲ್ಲ. ನಿನ್ನನ್ನು ಹತ್ತಿರ ಎಳೆದುಕೊಂಡು ಕಿವಿಯಲ್ಲಿ ಏನೋ ಹೇಳಿದಳು. ಅದೇನು ಅಂತ ನನಗೆ ಗೊತ್ತಿದೆ. ಪ್ರತಿ ಮುಂಜಾನೆ ಮಣ್ಣಿನ ಹರಿವಿಗಳಲ್ಲಿ ಮೊದಲನೆಯದನ್ನು ತುಂಬುವಾಗ ಅಜ್ಜಿ ಅದರ ಬಾಯಿಗೆ ಬಗ್ಗಿ ಒಂದು ಮಾತು ಪಿಸುಗುಟ್ಟುತ್ತಾಳೆ. ನನ್ನ ಹದಿಮೂರನೆಯ ವಯಸ್ಸಿನ ಬೇಸಿಗೆಯಿಂದ ನೋಡುತ್ತಿದ್ದೇನೆ. ಏನಜ್ಜಿ ಅದು ಅಂದರೆ ‘ನಿನಗ ಬ್ಯಾಡ’ ಅನ್ನುತ್ತಿದ್ದಳು. ನಲವತ್ತನಾಲ್ಕು ಡಿಗ್ರಿ ಬಿಸಿಲಿಗೆ ಬಸ್‌ಸ್ಟ್ಯಾಂಡಿನ ಮಂದಿಯೆಲ್ಲ ಒಬ್ಬರ ಮೇಲೊಬ್ಬರು ಹರಿಹಾಯುತ್ತಿರುವಾಗ ಆಕೆಯೊಬ್ಬಳು ತಣ್ಣಗೆ ಕೂತಿರುತ್ತಾಳಲ್ಲ, ಅದರ ಗುಟ್ಟೆಲ್ಲ ಆ ಮಂತ್ರದಲ್ಲಿದೆ. ಅದನ್ನು ನಿನಗೆ ಕೊಟ್ಟಳು.

ನನ್ನ ಕೆಲಸ ಏನು ಅಂತ ನಿನಗೆ ಗೊತ್ತು. ಹವಾಮಾನ ಕೆಟ್ಟರೂ ಮನಸ್ಸು ಕೆಡದ ಹಾಗೆ ಇರುವುದು ಹೇಗೆ ಅಂತ ನಮ್ಮ ಸಂಸ್ಥೆಯಿಂದ ಊರೂರಿಗೆ ಹೋಗಿ ಹೆಂಗಸರಿಗೆ ಶಿಬಿರ ಮಾಡುತ್ತೇನೆ. ಕಣ್ಣು ಮುಚ್ಚಿಸುತ್ತೇನೆ, ಉಸಿರು ಎಣಿಸುತ್ತೇನೆ. ನನ್ನ ಗಂಡ ಪ್ರಭುರಾಜ ನಗುತ್ತಾನೆ: ‘ಊರಿಗೆಲ್ಲ ಶಾಂತಿ ಹಂಚತಿ, ಮನಿಗಿ ತಟಗೂ ಉಳಸಂಗಿಲ್ಲ ನೋಡು.’ ಆ ಮಂತ್ರ ಯಾರಿಗೆ ಬೇಕಿತ್ತು, ನೀನೇ ಹೇಳು. ಬಳೆ ಅಂಗಡಿಯವಳಿಗೋ, ನನಗೋ?

ಇನ್ನೊಂದು ಮಾತು ನೆನಪಿಟ್ಟುಕೋ. ಅಜ್ಜಿ ಅರವಟ್ಟಿಗೆ ಇಟ್ಟದ್ದು ನಾನು ಹುಟ್ಟಿದ ವರ್ಷ. ಮೂವತ್ತೆಂಟು ಬೇಸಿಗೆಯಲ್ಲಿ ಅದು ಮುಚ್ಚಿದ್ದು ಒಂದೇ ಒಂದು ದಿನ, ಅದೂ ನನಗಾಗಿ. ನಾನು ದೊಡ್ಡವಳಾದಾಗ ಮಾನ್ವಿಯ ನಮ್ಮ ಮನೆಯಲ್ಲಿ ಆರತಿ ಇತ್ತು. ಅಜ್ಜಿ ಬರುವ ತನಕ ಮಣೆಯ ಮೇಲೆ ಕೂರುವುದಿಲ್ಲ ಅಂತ ಹಟ ಹಿಡಿದು ಊಟ ಬಿಟ್ಟಿದ್ದೆ. ಹಸಿರು ಬಳೆ ತೆಗೆದುಕೊಂಡು ಓಡಿ ಬಂದಳು. ಅಂಥ ಅಜ್ಜಿ ಆಕೆ. ನನ್ನ ಅಜ್ಜಿ.

ಚಂದ್ರಕಲಾ


ದೇವದುರ್ಗ
8 ಮಾರ್ಚ್ 2025

ಚಂದ್ರಕಲಾ ಅಕ್ಕನವರಿಗೆ ಮಹಬೂಬೀ ಮಾಡುವ ಸಲಾಂ.

ನಿಮ್ಮ ಪತ್ರ ಮುಟ್ಟಿತು. ಅಂಗಡಿ ಬಾಗಿಲು ಹಾಕಿದ್ದು ನೋಡಿ ಪೋಸ್ಟ್‌ಮನ್ ಮರದ ಹತ್ತಿರವೇ ತಂದು ಕೊಟ್ಟರು. ನೀರು ಕುಡಿದು, ‘ಈಗಿನ ಕಾಲದಾಗ ಯಾರವ್ವ ನಿನಗ ಕಾಗದ ಬರಿಯೋರು?’ ಅಂತ ಕೇಳಿದರು. ನಮ್ಮ ಅಕ್ಕ ಅಂದೆ. ನಾನು ಹತ್ತನೆಯ ತನಕ ಓದಿದವಳು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ರಂಜಾನ್ ಶುರುವಾಗಿ ಒಂದು ವಾರ ಆಯಿತು. ರೋಜಾ ಹಿಡಿದೇ ಕೂರುತ್ತಿದ್ದೇನೆ. ಮಧ್ಯಾಹ್ನ ಎರಡರ ಮೇಲೆ ನೀರಿನ ಸಪ್ಪಳ ಬಹಳ ದೊಡ್ಡದಾಗಿ ಕೇಳುತ್ತದೆ. ನಾನು ಒಂದು ಹನಿ ಬಾಯಿಗೆ ಹಾಕದೆ ತಂಬಿಗೆ ಬಗ್ಗಿಸುವುದು ನೋಡಿ ಕೆಲವರು ಕುಡಿಯಲು ಸಂಕೋಚ ಪಡುತ್ತಾರೆ. ‘ನನ್ನ ಹೊತ್ತು ಸಂಜಿಗಿ ಬರ್ತದ, ನೀವು ಕುಡೀರಿ’ ಅನ್ನುತ್ತೇನೆ. ಸಂಜೆ ನಮ್ಮವರು, ಜಿಲಾನಿ ಪಾಷಾ, ಖರ್ಜೂರ ಹಿಡಿದು ಮರದ ಕೆಳಗೇ ಬರುತ್ತಾರೆ.

ಅಜ್ಜಿ ಕಿವಿಯಲ್ಲಿ ಹೇಳಿದ್ದು ನಿಜ. ದಿನಾ ಮುಂಜಾನೆ ನಾನು ಅದನ್ನು ಮಾಡುತ್ತಿರುವುದೂ ನಿಜ. ಆದರೆ ಅದನ್ನು ಬರೆಯಲಾರೆ. ಬೇರೆ ಯಾರಿಗೆ ಹೇಳಿದರೂ ಅಡ್ಡಿಯಿಲ್ಲ, ಚಂದ್ರಕಲಾಳಿಗೆ ಮಾತ್ರ ಬೇಡ ಅಂದಿದ್ದಾರೆ.

ಒಂದು ಕೇಳಬೇಕಿತ್ತು. ಮೊದಲು ಯುಗಾದಿಗೆ ಇಟ್ಟ ಹರಿವಿಯನ್ನು ಜೂನಿನ ಮಿರಗ ಮಳೆಗೆ ಎತ್ತುತ್ತಿದ್ದರು. ಈಗ ಶಿವರಾತ್ರಿಗೇ ಇಡಬೇಕಾಗಿದೆ. ಹೋದ ವರ್ಷ ಎತ್ತಿಟ್ಟ ಮೇಲೂ ಮಂದಿ ಬಂದು ಕೇಳಿದರು. ಈ ಬಿಸಿಲು ಮುಂದೆ ಕಡಿಮೆಯಾಗುತ್ತದೆಯೋ ಹೇಗೆ? ಕುಡಿಯಲು ಬರುವವರು ನನ್ನನ್ನು ಕೇಳುತ್ತಾರೆ. ನೀವು ಓದಿದವರು, ನಿಮಗೆ ಗೊತ್ತಿರುತ್ತದೆ.

ಮಾನ್ವಿಯ ಆರತಿಯ ಮಾತು ಬರೆದಿದ್ದೀರಿ. ಆ ಹಸಿರು ಬಳೆ ನನಗೂ ನೆನಪಿವೆ.

ಮಹಬೂಬೀ


ರಾಯಚೂರು
17 ಮಾರ್ಚ್ 2025

ಮಹಬೂಬೀ,

‘ಚಂದ್ರಕಲಾಳಿಗೆ ಮಾತ್ರ ಬೇಡ.’ ಆ ಸಾಲನ್ನು ಎಷ್ಟು ಸಲ ಓದಿದೆ ಅಂತ ಕೇಳಬೇಡ. ಊರಿಗೆಲ್ಲ ಹಂಚಬಹುದು, ರಕ್ತ ಹಂಚಿಕೊಂಡವಳಿಗೆ ಬೇಡ. ಅಜ್ಜಿ ಹಾಗೆ ಅಂದಳೋ, ನೀನೇ ಸೇರಿಸಿದೆಯೋ? ಅಂದಿದ್ದರೂ ನೀನು ಬರೆಯದೆ ಇರಬಹುದಿತ್ತು. ಬರೆದೆ. ಇರಲಿ.

ನೀನು ರೋಜಾ ಹಿಡಿದು ನೀರು ಹಾಕುತ್ತೀಯ ಅಂತ ಓದಿದಾಗ ನನಗೆ ಭಕ್ತಿ ಉಕ್ಕಲಿಲ್ಲ, ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ? ಮರುದಿನ ನಾನೂ ಸಂಜೆಯ ತನಕ ನೀರು ಮುಟ್ಟುವುದಿಲ್ಲ ಅಂತ ಹೊರಟೆ. ಹನ್ನೊಂದಕ್ಕೆ ಆಫೀಸಿನ ಕಸ ಹೊಡೆಯುವ ನಿಗಾರ್‌ಳನ್ನು ಸುಮ್ಮಸುಮ್ಮನೆ ಬೈದೆ. ಎರಡಕ್ಕೆ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಇಡೀ ಬಾಟಲಿ ಖಾಲಿ ಮಾಡಿದೆ. ಹೊರಗೆ ಬಂದರೆ ನಿಗಾರ್ ನಿಂತಿದ್ದಳು, ಅವಳೂ ರೋಜಾದಲ್ಲಿದ್ದಳು. ನನ್ನ ಗದ್ದಕ್ಕೆ ಹತ್ತಿದ ನೀರು ನೋಡಿ ಕರ್ಚೀಫು ಕೊಟ್ಟಳು. ಎಲ್ಲಿ ಹೋದರೂ ನಿನ್ನಂಥವರೇ ಎದುರಾಗುತ್ತೀರಿ ನನಗೆ.

ಹೋದ ವಾರ ಮಾನ್ವಿಯಲ್ಲಿ ಶಿಬಿರವಿತ್ತು. ಹೊಲದ ಕೆಲಸದ ನಲವತ್ತು ಹೆಂಗಸರು, ತಗಡಿನ ಶೆಡ್ಡು, ಕರೆಂಟಿಲ್ಲ. ಕಣ್ಣು ಮುಚ್ಚಿ, ಉಸಿರು ನಿಧಾನ ಬಿಡಿ ಅಂದೆ. ಚನ್ನಮಲ್ಲಮ್ಮ ಅಂತ ಒಬ್ಬಾಕೆ ಕಣ್ಣು ತೆರೆದೇ ಕೂತಿದ್ದಳು. ‘ಬಿಡೂದು ಕಲಿಸಿದ್ರಿ, ಚಲೋ ಆತು. ತಗೊಳ್ಳಾಕ ತಣ್ಣನ ಗಾಳಿ ಎಲ್ಲದರೀ?’ ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಸ್ಸಿನಲ್ಲಿ ಬರುವಾಗ ಅತ್ತೆ.

ನಿನ್ನ ಪ್ರಶ್ನೆಗೆ ಉತ್ತರ: ಕಡಿಮೆ ಆಗುವುದಿಲ್ಲ. ನಮ್ಮ ಕಾಲದಲ್ಲಂತೂ ಇಲ್ಲ. ಹೆಚ್ಚೇ ಆಗುತ್ತದೆ. ಈ ಒಂದು ಮಾತನ್ನು ನಾನು ಶಿಬಿರದಲ್ಲಿ ಯಾರಿಗೂ ಹೇಳಿಲ್ಲ. ಅದನ್ನು ಬಚ್ಚಿಟ್ಟುಕೊಂಡೇ ಕಣ್ಣು ಮುಚ್ಚಿ ಅನ್ನುತ್ತೇನೆ. ಯಾರಾದರೂ ಬಂದು ನನ್ನ ಕಣ್ಣು ಮುಚ್ಚಿಸಿದರೆ ಸಾಕು ಅನ್ನಿಸಿದೆ.

ಅದಕ್ಕೇ ಆ ಮಾತು ಬೇಕು. ಬೇಡುತ್ತಿದ್ದೇನೆ ಅಂತಲೇ ತಿಳಿದುಕೋ. ಪೂರ್ತಿ ಬೇಡ, ಅರ್ಧ ಹೇಳು. ಅದು ದೇವರ ಹೆಸರೋ, ವಚನದ ತುಣುಕೋ, ನಿಮ್ಮ ದುವಾನೋ? ಅಷ್ಟಾದರೂ ಹೇಳು.

ಚಂದ್ರಕಲಾ


ದೇವದುರ್ಗ
25 ಮಾರ್ಚ್ 2025

ಅಕ್ಕನವರಿಗೆ ಸಲಾಂ.

ಉತ್ತರ ತಡವಾಯಿತು. ಅಜ್ಜಿ ಅರಕೇರಾದಲ್ಲಿ ಬಚ್ಚಲ ಹೊಸಿಲಿಗೆ ಕಾಲು ಸಿಕ್ಕಿ ಬಿದ್ದಿದ್ದಾರೆ. ಸೊಂಟಕ್ಕೆ ಪೆಟ್ಟಾಗಿದೆ. ನಿಮ್ಮ ಸೋದರಮಾವನವರು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ, ಗಾಬರಿ ಆಗಬೇಡಿ. ನಾನು ಎರಡು ದಿನಕ್ಕೊಮ್ಮೆ ಸಂಜೆ ಹೋಗಿ ಬರುತ್ತೇನೆ. ‘ಚಂದಿ ಯಾಕ ಬರವಲ್ಲಳು?’ ಅಂತ ಕೇಳುತ್ತಾರೆ. ಕೆಲಸ ಬಹಳ ಅದಂತ ಅನ್ನುತ್ತೇನೆ. ಯುಗಾದಿಗೆ ಬನ್ನಿ ಅಕ್ಕಾ.

ಕಡಿಮೆ ಆಗುವುದಿಲ್ಲ ಅಂತ ನೀವು ಬರೆದದ್ದನ್ನು ಅಮೀರ್ ಸಾಬ್ ಅವರಿಗೆ ಹೇಳಿದೆ. ಅವರು ಸಂತೆಗೆ ಕುರಿ ಹೊಡೆದುಕೊಂಡು ಬರುವ ಮುದುಕರು, ಅವರೇ ಎಲ್ಲರಿಗಿಂತ ಹೆಚ್ಚು ಕೇಳುತ್ತಿದ್ದರು. ಅದನ್ನು ಕೇಳಿ, ‘ಹಂಗಾರ ಇನ್ನೊಂದು ಹರಿವಿ ಇಡವ್ವ’ ಅಂದರು. ಮರುದಿನವೇ ನಾಲ್ಕನೆಯದು ಇಟ್ಟೆವು. ಜಿಲಾನಿ ತಳ್ಳುಬಂಡಿಯ ಮೇಲೆ ಎರಡು ಸಲದ ಬದಲು ಮೂರು ಸಲ ನೀರು ತರುತ್ತಾರೆ. ಬಿಸಿಲಿಗೆ ಬೈದರೆ ಹರಿವಿಯ ನೀರು ಕಾಯುತ್ತದೆ ಅಂತ ಅಜ್ಜಿ ಅನ್ನುತ್ತಿದ್ದರಲ್ಲ, ಅದಕ್ಕೆ ನಾಲ್ಕನೆಯದನ್ನು ಇಡುವಾಗ ಯಾರೂ ಬೈಯಲಿಲ್ಲ.

ನೀವು ಕೇಳಿದ ಅರ್ಧ ಮಾತಿಗೆ ಹೇಳುತ್ತೇನೆ. ಅದು ದೇವರ ಹೆಸರಲ್ಲ, ದುವಾ ಅಲ್ಲ, ವಚನವೂ ಅಲ್ಲ. ಇದಕ್ಕಿಂತ ಹೆಚ್ಚು ಕೇಳಬೇಡಿ.

ಮಹಬೂಬೀ


ರಾಯಚೂರು
9 ಏಪ್ರಿಲ್ 2025

ಶ್ರೀಮತಿ ಮಹಬೂಬೀ ಅವರಿಗೆ,

ಯುಗಾದಿಗೆ ಬರಲಿಲ್ಲ. ನನ್ನ ಅಜ್ಜಿಯ ಮನೆಗೆ ನನ್ನನ್ನು ನೀನು ಕರೆಯಬೇಕೇ? ಆಕೆ ಬಿದ್ದ ಸುದ್ದಿಯನ್ನು ಮಾವ ಫೋನಿನಲ್ಲಿ ಹೇಳಿದ ಎರಡು ದಿನಕ್ಕೆ ನಿನ್ನ ಪತ್ರ ಬಂತು. ಮಾವನೂ ಅದೇ ರಾಗ: ‘ಮಹಬೂಬೀ ಅದಾಳಂತ ನಮಗೇನು ಚಿಂತಿಲ್ಲ.’ ನಾನು ಬರದಿದ್ದರೆ ಯಾರಿಗೂ ಕೊರತೆಯಿಲ್ಲ ಅಂದಹಾಗಾಯಿತು.

ವಿಷಯಕ್ಕೆ ಬರುತ್ತೇನೆ. ನಮ್ಮ ಸಂಸ್ಥೆಯವರು ಆ ಬೇವಿನ ಮರದ ಜಾಗಕ್ಕೆ ಪರವಾನಗಿ ತೆಗೆದುಕೊಂಡಿದ್ದಾರೆ. ಪ್ರಯತ್ನ ನನ್ನದು. ಏಪ್ರಿಲ್ 30, ಬಸವ ಜಯಂತಿಯ ದಿನ ಅಲ್ಲಿ ಅಜ್ಜಿಯ ಹೆಸರಿನಲ್ಲೇ ‘ಹಂಪಮ್ಮ ಜಲಸೇವಾ ಕೇಂದ್ರ’ ಉದ್ಘಾಟನೆ ಆಗುತ್ತದೆ. ತಗಡಿನ ನೆರಳು, ತಣ್ಣೀರಿನ ಯಂತ್ರ, ನಾಲ್ಕು ನಲ್ಲಿ. ಮಣ್ಣಿನ ಹರಿವಿ ಇನ್ನು ಬೇಡ. ಅಜ್ಜಿಯ ತಂಬಿಗೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇವೆ, ಅದನ್ನು ಇಪ್ಪತ್ತೊಂಬತ್ತರ ಸಂಜೆಯೊಳಗೆ ಒಪ್ಪಿಸಬೇಕು. ನಿನಗೂ ಕೆಲಸವಿರುತ್ತದೆ, ಲೋಟ ತೊಳೆಯಲು ಯಾರಾದರೂ ಬೇಕಲ್ಲ.

ವೇದಿಕೆಯ ಮೇಲೆ ಅಜ್ಜಿಯ ಬಗ್ಗೆ ಮಾತಾಡುವವಳು ನಾನೇ. ಮೂವತ್ತೆಂಟು ಬೇಸಿಗೆಯಲ್ಲಿ ಒಂದೇ ದಿನ ಮೊಮ್ಮಗಳಿಗಾಗಿ ಹರಿವಿ ಬೋರಲು ಹಾಕಿ ಮಾನ್ವಿಗೆ ಓಡಿ ಬಂದ ಕಥೆ ಹೇಳುತ್ತೇನೆ. ಇಡೀ ದೇವದುರ್ಗ ಕೇಳಲಿ. ಯಾರಿಗೆ ಯಾರು ಏನಾಗಬೇಕು ಅನ್ನುವುದು ಅವತ್ತಾದರೂ ಎಲ್ಲರಿಗೂ ತಿಳಿಯುತ್ತದೆ.

ಚಂದ್ರಕಲಾ


ದೇವದುರ್ಗ
13 ಏಪ್ರಿಲ್ 2025

ಅಕ್ಕನವರಿಗೆ ಸಲಾಂ.

ತಂಬಿಗೆ ತೆಗೆದುಕೊಳ್ಳಿ. ಜಾಗವನ್ನೂ ತೆಗೆದುಕೊಳ್ಳಿ. ಯಂತ್ರದ ನೀರು ತಣ್ಣಗಿದ್ದರೆ ಕುಡಿಯುವವರಿಗೆ ಒಳ್ಳೆಯದೇ. ಲೋಟ ತೊಳೆಯುವುದಕ್ಕೂ ನನಗೆ ಬೇಸರವಿಲ್ಲ, ಬಳೆ ತೊಡಿಸುವ ಕೈಗೆ ಅದೇನು ದೊಡ್ಡದಲ್ಲ.

ಆ ಒಂದು ದಿನದ ಕಥೆ ಮಾತ್ರ ವೇದಿಕೆಯ ಮೇಲೆ ಹೇಳಬೇಡಿ. ಬೇರೆ ಏನು ಬೇಕಾದರೂ ಹೇಳಿ. ಅದೊಂದು ಬೇಡ. ಕೈ ಮುಗಿದು ಕೇಳುತ್ತೇನೆ.

ಮಹಬೂಬೀ


ರಾಯಚೂರು
17 ಏಪ್ರಿಲ್ 2025

ಮಹಬೂಬೀ,

ಸಿಕ್ಕಿಬಿದ್ದೆ ನೋಡು! ತಂಬಿಗೆ ಹೋಗಲಿ, ಜಾಗ ಹೋಗಲಿ, ಆ ಕಥೆ ಮಾತ್ರ ಬೇಡ. ಹೊಟ್ಟೆಕಿಚ್ಚು ನನಗೊಬ್ಬಳಿಗೇ ಅಂದುಕೊಂಡು ಇಷ್ಟು ದಿನ ನಾಚಿಕೆಯಿಂದ ಸತ್ತೆ. ಈಗ ಗೊತ್ತಾಯಿತು, ನಿನ್ನ ಒಲೆಯೂ ಉರಿಯುತ್ತಿದೆ, ಹೊಗೆ ಹೊರಗೆ ಬಾರದ ಹಾಗೆ ಮುಚ್ಚಿಟ್ಟಿದ್ದೀಯ ಅಷ್ಟೇ.

ನಿನಗೆ ಅಂಥ ದಿನವಿಲ್ಲ, ಅದಕ್ಕೇ ಈ ಸಂಕಟ. ನಿನಗಾಗಿ ಯಾರೂ ಕೈಯಲ್ಲಿನ ಕೆಲಸ ಬಿಟ್ಟು ಓಡಿ ಬಂದಿಲ್ಲ. ತಾಯಿಯಿಲ್ಲದ ಹುಡುಗಿ ಅಂತ ಅಜ್ಜಿ ಮರುಕಪಟ್ಟು ಹತ್ತಿರ ಕೂಡಿಸಿಕೊಂಡಳು. ಆ ಮರುಕವನ್ನೇ ನೀನು ಪ್ರೀತಿ ಅಂದುಕೊಂಡೆ. ಬೇಸಿಗೆ ರಜೆಗೆ ನಾನು ಬಂದಾಗಲೆಲ್ಲ ನೀನು ಆಕೆಯ ಸೆರಗು ಹಿಡಿದು ನಿಂತಿರುತ್ತಿದ್ದೆ, ನನಗೆ ಜಾಗವೇ ಇರುತ್ತಿರಲಿಲ್ಲ. ನನ್ನ ಪಾಲಿಗೆ ಉಳಿದದ್ದು ಆ ಒಂದೇ ದಿನ. ಅದನ್ನೂ ಕೊಡು ಅನ್ನುತ್ತೀಯ?

ಕಥೆ ಹೇಳುತ್ತೇನೆ. ಮೈಕಿನಲ್ಲೇ ಹೇಳುತ್ತೇನೆ. ಮುಂದಿನ ಸಾಲಿನಲ್ಲಿ ನಿನಗೊಂದು ಕುರ್ಚಿ ಹಾಕಿಸಿರುತ್ತೇನೆ.

ಚಂದ್ರಕಲಾ


ದೇವದುರ್ಗ
26 ಏಪ್ರಿಲ್ 2025

ಅಕ್ಕಾ,

ನಿಮ್ಮ ಪತ್ರ ಬಂದ ದಿನ ಉತ್ತರ ಬರೆಯಲು ಕೂತೆ, ಆಗಲಿಲ್ಲ. ನಿನ್ನೆ ನಿಮ್ಮ ನಾಲ್ಕೂ ಪತ್ರ ತೆಗೆದುಕೊಂಡು ಅರಕೇರಾಕ್ಕೆ ಹೋಗಿ ಅಜ್ಜಿಗೆ ಓದಿ ಹೇಳಿದೆ. ತಪ್ಪಾಗಿದ್ದರೆ ಬೈಯಿರಿ. ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಲಗಿಯೇ ಕೇಳಿದರು. ಮುಗಿದ ಮೇಲೆ ಮುಖ ಈ ಕಡೆ ತಿರುಗಿಸಿದರು. ಆಮೇಲೆ, ‘ಹೇಳಿಬಿಡವ್ವ. ಕೂಸಿಗಿ ಭಾರ ಆಗಬಾರದಂತ ಇಟಕೊಂಡಿದ್ದೆ. ಈಗ ನೋಡಿದ್ರ ಹೇಳಲಾರದ್ದೇ ಭಾರಾಗ್ಯದ’ ಅಂದರು. ಅವರು ಒಪ್ಪಿದ ಮೇಲೆ ಬರೆಯುತ್ತಿದ್ದೇನೆ.

ನಮ್ಮ ಅಮ್ಮಿಯ ಹೆಸರು ಖಾಜಾಬೀ. ಬಳೆಯ ಗಂಟು ತಲೆಯ ಮೇಲೆ ಹೊತ್ತು ಹಳ್ಳಿ ತಿರುಗುತ್ತಿದ್ದಳು. 1999ರ ಮೇ ತಿಂಗಳು, ನನಗೆ ಆರು ವರ್ಷ. ಅರಕೇರಾ ಕಡೆಯಿಂದ ಇಬ್ಬರೂ ನಡೆದು ಬರುತ್ತಿದ್ದೆವು. ದಾರಿಯಲ್ಲಿ ಒಂದು ಹೊಲದಲ್ಲಿ ಮೋಟರ್ ನಡೆದಿತ್ತು. ನಾನು ಓಡಿ ಹೋಗಿ ಹೊಟ್ಟೆ ತುಂಬ ಕುಡಿದೆ. ಅಮ್ಮಿ ಬರಲಿಲ್ಲ. ಗಂಟು ಇಳಿಸಿದರೆ ಮತ್ತೆ ತಲೆಗೆ ಎತ್ತಿಕೊಡಲು ಒಬ್ಬರು ಬೇಕು, ನನ್ನಿಂದ ಆಗುವುದಿಲ್ಲ. ಬೇವಿನ ಮರದ ಕೆಳಗೆ ಹಂಪವ್ವನೇ ಯಾವಾಗಲೂ ಗಂಟು ಇಳಿಸಿ, ನೀರು ಹಾಕಿ, ಮತ್ತೆ ಎತ್ತಿಕೊಡುತ್ತಿದ್ದರು. ‘ಚಲ್ ಬೇಟಾ, ಹಂಪವ್ವ ಕಾ ಪಾನಿ ಥಂಡಾ ರಹತಾ’ ಅಂದಳು. ನಡಿ ಮಗಳೇ, ಹಂಪವ್ವನ ನೀರು ತಣ್ಣಗಿರುತ್ತದೆ ಅಂತ. ಅಲ್ಲಿಂದ ಮೂರು ಮೈಲಿ.

ಮರದ ಕೆಳಗೆ ಯಾರೂ ಇರಲಿಲ್ಲ. ಮೂರೂ ಹರಿವಿ ಬೋರಲು ಬಿದ್ದಿದ್ದವು. ಅಮ್ಮಿ ತಾನೇ ಹೇಗೋ ಗಂಟು ಇಳಿಸಿ ಮರಕ್ಕೆ ಒರಗಿ ಕೂತಳು. ನಾನು ಒಂದೊಂದೇ ಹರಿವಿ ಎತ್ತಿ ನೋಡಿದೆ, ಕೆಳಗೆ ಉಸುಕು ಮಾತ್ರ ಇತ್ತು. ಬಸ್‌ಸ್ಟ್ಯಾಂಡಿನೊಳಗೆ ಓಡಿ ಯಾರನ್ನೋ ಕರೆದುಕೊಂಡು ನೀರು ತರುವಷ್ಟರಲ್ಲಿ ಅಮ್ಮಿ ಮಾತಾಡುತ್ತಿರಲಿಲ್ಲ. ಸಂಜೆಗೆ ಹೋಗಿಬಿಟ್ಟಳು. ಗಂಟಿನಲ್ಲಿ ಒಂದು ಬಳೆಯೂ ಒಡೆದಿರಲಿಲ್ಲ.

ಅದು ನಿಮ್ಮ ಆರತಿಯ ದಿನ.

ಅಜ್ಜಿ ಮಾನ್ವಿಗೆ ಹೋಗುವವರಿರಲಿಲ್ಲ. ಬಳೆ ಮಾತ್ರ ಕಳಿಸುವವರಿದ್ದರು. ಎರಡು ದಿನ ಮೊದಲು ಅಮ್ಮಿಯ ಗಂಟಿನಿಂದಲೇ ಆರಿಸಿದ್ದರು. ಅಮ್ಮಿ ಅಳತೆ ಕೇಳಿದಾಗ ನನ್ನ ಕೈ ಹಿಡಿದು ನೋಡಿ, ‘ನಮ್ಮ ಚಂದೀದು ಇದಕ್ಕಿಂತ ತಟಗು ದೊಡ್ಡದು’ ಅಂದಿದ್ದರು. ಅವತ್ತು ಮುಂಜಾನೆ ಮಾನ್ವಿಯಿಂದ ಬಂದವರು ನೀವು ಊಟ ಬಿಟ್ಟು ಅಳುತ್ತಿದ್ದೀರಿ ಅಂದರು. ಅಜ್ಜಿ ಹರಿವಿ ತುಂಬಿಡಿರಿ ಅಂತ ಒಬ್ಬರಿಗೆ ಹೇಳಿ ಬಸ್ಸು ಹತ್ತಿದರು. ಹೇಳಿಸಿಕೊಂಡವರು ಮರೆತರು. ಅವರು ಯಾರು ಅಂತ ಅಜ್ಜಿ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ನಮ್ಮ ಅಮ್ಮಿ ಹೇಗೆ ಹೋದಳು ಅಂತ ನೀವು ಯಾವತ್ತೂ ಕೇಳಲಿಲ್ಲ. ಕೇಳಿದ್ದರೂ ನಾನು ಜ್ವರ ಅನ್ನಬೇಕಿತ್ತು, ಹಾಗೆ ಹೇಳಿಕೊಟ್ಟಿದ್ದರು.

ಇನ್ನು ನಿಮ್ಮ ಮಂತ್ರ. ಅಮ್ಮಿ ಹೋದ ಮರು ಬೇಸಿಗೆಯಿಂದ ಅಜ್ಜಿ ಮೊದಲ ಹರಿವಿಗೆ ಬಗ್ಗಿ ಹೇಳುತ್ತಿದ್ದದ್ದು ಖಾಜಾಬೀ ಅಂತ. ಅಷ್ಟೇ. ಅವರು ತಣ್ಣಗೆ ಕೂತಿದ್ದಾರೆ ಅಂತ ನಿಮಗೆ ಕಂಡಿತು. ನಾನು ಹತ್ತಿರ ಕೂತವಳು, ನನಗೆ ಹಾಗೆ ಕಾಣಲಿಲ್ಲ. ಅವರು ದಿನಾ ಒಬ್ಬರಿಗೆ ತಡವಾಗಿ ನೀರು ಹಾಕುತ್ತಿದ್ದರು.

ನನ್ನ ಕಿವಿಯಲ್ಲಿ ಅವರು ಹೇಳಿದ್ದು ಬೇರೆ. ‘ನಿಮ್ಮವ್ವನ ಹೆಸರು ಇಷ್ಟು ವರ್ಷ ನಾ ಹೇಳೀನಿ, ಅದು ನನ್ನ ಪಾಲಿಂದು. ನೀ ಅದನ್ನ ಹೇಳಬ್ಯಾಡ. ನಿನಗ ಯಾರ ಮ್ಯಾಲ ಸಿಟ್ಟದ, ಅವರ ಹೆಸರು ಹೇಳಿ ಮೊದಲನೇ ಹರಿವಿ ತುಂಬು. ಸಿಟ್ಟು ಹೊಟ್ಟ್ಯಾಗ ಇಟಗೊಂಡು ಹಾಕಿದ ನೀರು ಕುಡದವರಿಗಿ ದಕ್ಕಂಗಿಲ್ಲ.’

ಹನ್ನೆರಡು ವರ್ಷದ ಹುಡುಗಿ ಅಜ್ಜಿ ಬೇಕು ಅಂತ ಅತ್ತಿತು, ಅದರದೇನು ತಪ್ಪು ಅಂತ ಅಜ್ಜಿ ಅನ್ನುತ್ತಾರೆ. ನ್ಯಾಯ ಅದೇ. ಆದರೆ ಇಪ್ಪತ್ತಾರು ವರ್ಷದಿಂದ ನನ್ನ ಮನಸ್ಸು ಒಪ್ಪಿಲ್ಲ. ನೀವು ಪ್ರತಿ ಬೇಸಿಗೆ ಬಂದು ಅಜ್ಜಿಯ ತೊಡೆಯ ಮೇಲೆ ಕೂತು ಆ ದಿನದ ಕಥೆ ಹೇಳಿಸಿಕೊಳ್ಳುತ್ತಿದ್ದಿರಿ. ನಾನು ಸೆರಗು ಹಿಡಿದು ನಿಂತು ಕೇಳುತ್ತಿದ್ದೆ. ನಿಮ್ಮ ಕೈಯಲ್ಲಿ ನಮ್ಮ ಅಮ್ಮಿ ಕೊಟ್ಟ ಬಳೆ ಇರುತ್ತಿದ್ದವು. ಹೊಟ್ಟೆಕಿಚ್ಚು ಅಂದಿರಲ್ಲ, ಹೌದು, ಇತ್ತು. ನಿಮಗಿಂತ ಮೊದಲಿಂದ ಇತ್ತು.

ಶಿವರಾತ್ರಿಯ ಮರುದಿನದಿಂದ ಇವತ್ತಿಗೆ ಐವತ್ತೊಂಬತ್ತು ಮುಂಜಾನೆ ಆದವು. ಐವತ್ತೊಂಬತ್ತು ಮುಂಜಾನೆಯೂ ಹರಿವಿಯ ಬಾಯಿಗೆ ಬಗ್ಗಿ ನಾನು ಹೇಳಿದ್ದು ಚಂದ್ರಕಲಾ ಅಂತ. ಮೊದಮೊದಲು ಹಲ್ಲು ಕಚ್ಚಿ ಹೇಳುತ್ತಿದ್ದೆ. ರಂಜಾನ್ ಮುಗಿಯುವ ಹೊತ್ತಿಗೆ ಸ್ವಲ್ಪ ಹಗುರಾಗಿತ್ತು. ನಿಮ್ಮ ಹೋದ ಪತ್ರ ಬಂದ ಮರುದಿನ ಮತ್ತೆ ಹಲ್ಲು ಕಚ್ಚಿದೆ. ನಿನ್ನೆಯಿಂದ ಪುನಃ ಪ್ರಯತ್ನ ಮಾಡುತ್ತಿದ್ದೇನೆ.

ಕಥೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ಮಹಬೂಬೀ


ರಾಯಚೂರು
30 ಏಪ್ರಿಲ್ 2025

ತಂಗಿ ಮಹಬೂಬೀಗೆ,

ಇವತ್ತು ಉದ್ಘಾಟನೆ ನಡೆಯಲಿಲ್ಲ ಅನ್ನುವುದು ನಿನಗೆ ಗೊತ್ತೇ ಇದೆ. ಆ ಜಾಗ ನಮ್ಮದಲ್ಲ ಅಂತ ಸಂಸ್ಥೆಯಲ್ಲಿ ಹೇಳಿದೆ. ಯಾಕೆ ಅಂತ ಕೇಳಿದರು, ಹೇಳಲಿಲ್ಲ. ಕೆಲಸಕ್ಕೆ ಕುತ್ತು ಬಂದರೂ ಬರಬಹುದು. ಯಂತ್ರವನ್ನು ಮಾನ್ವಿಯ ಆ ತಗಡಿನ ಶೆಡ್ಡಿಗೆ ಕೊಡಿ, ಚನ್ನಮಲ್ಲಮ್ಮ ಕೇಳಿದ ತಣ್ಣನೆಯ ಗಾಳಿ ಇಲ್ಲದಿದ್ದರೂ ತಣ್ಣನೆಯ ನೀರಾದರೂ ಸಿಗಲಿ ಅಂದೆ.

ನಿನ್ನ ಪತ್ರ ಸೋಮವಾರ ಬಂತು. ಏನಾಯಿತು ಅಂತ ಪ್ರಭುರಾಜ ಕೇಳಿದ. ಓದಲು ಅವನಿಗೇ ಕೊಟ್ಟೆ. ಓದಿ, ಮಡಚಿಟ್ಟು, ಅಡುಗೆ ಮನೆಗೆ ಹೋಗಿ ನನಗೆ ನೀರು ತಂದುಕೊಟ್ಟ. ನನಗೆ ಕುಡಿಯಲಾಗಲಿಲ್ಲ.

ಇಷ್ಟು ಬೇಸಿಗೆ ನಿನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡಿದ್ದೇನೆ. ನಿಮ್ಮವ್ವ ಹೇಗೆ ಹೋದಳು ಅಂತ ಒಂದು ಸಲವೂ ಕೇಳಲಿಲ್ಲ. ಅಜ್ಜಿಯ ತೊಡೆಯ ಮೇಲೆ ಯಾರು ಕೂರಬೇಕು ಅನ್ನುವ ಲೆಕ್ಕದಲ್ಲಿದ್ದೆ. ಕ್ಷಮಿಸು ಅಂತ ಬರೆಯಬಹುದು. ಆ ಮಾತು ಇದಕ್ಕೆ ಸಾಲುವುದಿಲ್ಲ, ಅದಕ್ಕೇ ಬರೆಯುತ್ತಿಲ್ಲ. ಹಸಿರು ಬಳೆಗಳಲ್ಲಿ ಎರಡು ಇನ್ನೂ ನನ್ನ ಪೆಟ್ಟಿಗೆಯಲ್ಲಿವೆ. ಅವು ಈಗ ನಮ್ಮಿಬ್ಬರ ಕೈಗೂ ಆಗುವುದಿಲ್ಲ, ಆದರೂ ತರುತ್ತೇನೆ.

ಹೊಟ್ಟೆಕಿಚ್ಚು ಹೋಯಿತು ಅಂದುಕೊಳ್ಳಬೇಡ. ಈಗ ಅದು ಹೊಸ ದಾರಿ ಹಿಡಿದಿದೆ. ಅಷ್ಟು ಸಿಟ್ಟಿದ್ದವಳ ಹೆಸರು ಹೇಳಿ ದಿನಾ ನೀರು ತುಂಬಲು ನಿನ್ನಿಂದ ಆಯಿತಲ್ಲ, ಅದು ನನ್ನಿಂದ ಆಗುತ್ತಿತ್ತೇ? ಬಿಸಿಲು ಹೆಚ್ಚೇ ಆಗುತ್ತದೆ ಅಂತ ಅಂಕಿ ಸಮೇತ ನನಗೆ ಗೊತ್ತು. ಗೊತ್ತಿದ್ದೂ ಮುಂಜಾನೆ ಎದ್ದು ಏನು ಮಾಡಬೇಕು ಅನ್ನುವುದು ನಿನಗೆ ಗೊತ್ತು. ನಿನ್ನದೇ ಹೆಚ್ಚಿನ ಓದು.

ನಿನ್ನೆ ಪೇಟೆಗೆ ಹೋಗಿ ಒಂದು ಹರಿವಿ ತಂದೆ. ಇವತ್ತು ಮುಂಜಾನೆ ಗೇಟಿನ ಹೊರಗೆ ಉಸುಕು ಹಾಕಿ ಇಟ್ಟು, ತುಂಬುವಾಗ ಬಗ್ಗಿದೆ. ಖಾಜಾಬೀ ಅನ್ನೋಣ ಅಂತಿದ್ದೆ, ಅದು ಅಜ್ಜಿಯ ಪಾಲು ಅಂತ ನೆನಪಾಯಿತು. ಯಾರ ಮೇಲೆ ಸಿಟ್ಟಿದೆ ಅಂತ ಹುಡುಕಿದೆ. ದೂರ ಹೋಗಬೇಕಾಗಲಿಲ್ಲ. ಮಹಬೂಬೀ ಅಂದೆ. ಹಲ್ಲು ಕಚ್ಚಿಯೇ ಅಂದೆ, ನಿನ್ನ ಮುಂದೆ ಇನ್ನು ಸುಳ್ಳು ಬೇಡ. ಒಂಬತ್ತರ ಸುಮಾರಿಗೆ ಬೀದಿ ಗುಡಿಸುವಾಕೆ ನಿಂತು ಎರಡು ಸಲ ಹಾಕಿಸಿಕೊಂಡು ಕುಡಿದಳು. ‘ಹೊಸಾ ಹರಿವಿ ಅದ, ಮಣ್ಣಿನ ವಾಸನಿ ಬರಾಕತ್ಯದ’ ಅಂದಳು. ನಾಲ್ಕು ದಿನ ತುಂಬಿದರೆ ಹೋಗುತ್ತದೆಯಂತೆ.

ಶನಿವಾರ ಮೊದಲ ಬಸ್ಸಿಗೆ ಬರುತ್ತೇನೆ. ನಿನ್ನ ಹತ್ತಿರ ಕೂತಿದ್ದು ಆಮೇಲೆ ಅರಕೇರಾಕ್ಕೆ ಹೋಗೋಣ, ಇಬ್ಬರೂ. ತಂಬಿಗೆ ನಿನ್ನ ಕೈಯಲ್ಲೇ ಇರಲಿ. ನಾನು ಬಂಡಿ ತಳ್ಳಲು ಜಿಲಾನಿಗೆ ಕೈ ಹಚ್ಚುತ್ತೇನೆ. ತಲೆಯ ಮೇಲೆ ಗಂಟು ಹೊತ್ತವರು ಯಾರಾದರೂ ಬಂದರೆ ಇಳಿಸುವುದು, ಎತ್ತಿಕೊಡುವುದು ನನಗಿರಲಿ.

ಬಸ್ಸು ಮುಟ್ಟುವುದು ಏಳೂವರೆಗೆ. ಇಲ್ಲಿ ಒಂದು ಸಾಲು ಹೊಡೆದು ಹಾಕಿದ್ದೇನೆ, ಬೆಳಕಿಗೆ ಹಿಡಿದರೆ ನಿನಗೆ ಕಾಣುತ್ತದೆ. ನಾನು ಬರುವ ತನಕ ಮೊದಲ ಹರಿವಿ ತುಂಬಬೇಡ ಅಂತ ಬರೆದಿದ್ದೆ.

ನನಗಾಗಿ ಕಾಯಬೇಡ. ಆರಕ್ಕೇ ತುಂಬು.

ಚಂದ್ರಕಲಾ